ಅತ್ತೆಯ ವೈರ್‌ಲೆಸ್

ಯುರೇಕಾ
ನವೆಂಬರ್ ೯

ಹಿಲ್ಮಾ ಅತ್ತೆಯವರಿಗೆ,

ಮುಳುಗದೆ ಉಳಿದ ಸೊಸೆ ಮಾರ್ನಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು, ಜೊತೆಗೆ ಏಲಕ್ಕಿ ಬ್ರೆಡ್ಡೂ ಬಂತು. ಒಂದೇ ಸೂರಿನಡಿ ಇದ್ದಷ್ಟು ವರ್ಷ ನನಗೆಂದು ಒಮ್ಮೆಯೂ ಸುಡದ ಬ್ರೆಡ್ಡು ಈಗ ಅಂಚೆಯಲ್ಲಿ ಬಂದಿದೆಯೆಂದರೆ ಕೆಲಸ ದೊಡ್ಡದೇ ಇರಬೇಕು ಅಂದುಕೊಂಡೆ. ಇತ್ತು. ನಿಮ್ಮ ಮಗ ರಾಯ್ಸ್ ತಾನೇ ರೂಪಿಸಿದ ಹೊಸ ಮೀನುಗಾರಿಕೆ ಕಯಾಕನ್ನು, ಆ ಒಬ್ಬರೇ ಕೂರುವ ಕಿರುದೋಣಿಯನ್ನು, ದೋಣಿ ಮಾರುವ ಕಂಪನಿಯವರು ತೆಗೆದುಕೊಳ್ಳಬೇಕಾದರೆ ಸಮುದ್ರ ಪರೀಕ್ಷೆಯ ವಿಡಿಯೋ ಬೇಕು. ಅದರಲ್ಲಿರುವವಳು ನಾನು. ನಾನು ಒಪ್ಪಿ ಸಹಿ ಹಾಕದೆ ಅವರು ಅದನ್ನು ಮುಟ್ಟುವುದಿಲ್ಲ. ಹೇಳದೆ ಕೇಳದೆ ಮನೆ ಬಿಟ್ಟವಳು ಇಷ್ಟಾದರೂ ಮಾಡು, ಆ ದೋಣಿ ಕೈಬಿಟ್ಟರೆ ನನ್ನ ಮಗ ಮತ್ತೆ ಏಳುವುದಿಲ್ಲ ಎಂದು ಬರೆದಿದ್ದೀರಿ.

ಹೇಳದೆ ಹೋದದ್ದು ಸರಿಯಲ್ಲ. ಈಗ ಹೇಳುತ್ತೇನೆ.

ಆ ದಿನ ನೀವು ಕಡಲಂಚಿನ ದಿಬ್ಬದ ಮೇಲೆ, ಪಿಕಪ್ ಗಾಡಿಯೊಳಗೆ, ಹೀಟರ್ ಹಾಕಿಕೊಂಡು, ಪಕ್ಕದಲ್ಲಿ ನಿಮ್ಮ ಗೆಳತಿ ಓಪಲ್‌ಳನ್ನು ಕೂರಿಸಿಕೊಂಡು ಕಾವಲಿದ್ದಿರಿ. ಮಾವನ ಕಾಲದಿಂದಲೂ ಅದು ನಿಮ್ಮದೇ ಕೆಲಸ: ಮನೆಯವರು ನೀರಿಗಿಳಿದಾಗ ದಡದಲ್ಲಿ ವೈರ್‌ಲೆಸ್ ಹಿಡಿದು ಕೂರುವುದು, ತಲೆ ಕಾಣದಿದ್ದರೆ ಬಂದರಿಗೆ ಕೂಗುವುದು. ಕೆಳಗೆ ಹೊಸ ಕಯಾಕ್‌ನಲ್ಲಿ ನಾನು. ಹಳೆಯದರಲ್ಲಿ ಕ್ಯಾಮೆರಾ ಹಿಡಿದ ರಾಯ್ಸ್. ವಾಯವ್ಯದ ಗಾಳಿ, ಅಲೆಯ ಬೆನ್ನಿಗೆ ಅಲೆ, ಬಂಡೆಗಳ ಬಾಯಲ್ಲೆಲ್ಲ ನೊರೆ. ನಾಳೆ ಮಾಡೋಣ ಎಂದೆ.

“ಕೊಳದಲ್ಲಿ ತೇಲೋಕೆ ಬಾತುಕೋಳಿ ಸಾಕು ಕಣೇ, ನೀನ್ಯಾಕೆ?” ಎಂದ.

ಪರೀಕ್ಷೆಯ ರೀತಿ ನಿಮಗೆ ಗೊತ್ತಿದ್ದದ್ದೇ. ಬೇಕೆಂದೇ ಮಗುಚಬೇಕು, ದೋಣಿಯನ್ನು ಮತ್ತೆ ನೆಟ್ಟಗೆ ತಿರುಗಿಸಬೇಕು, ಯಾರ ಕೈಯೂ ಹಿಡಿಯದೆ ನೀರಿನಿಂದ ಹತ್ತಿ ಕೂರಬೇಕು. ನೋಯೋ ಬಂದರಿನಲ್ಲಿ ಎಷ್ಟೋ ಜನಕ್ಕೆ ಹೀಗೆ ಹತ್ತುವುದನ್ನು ಕಲಿಸಿದವಳು ನಾನು. ನಾನು ಹತ್ತಿದರೆ ಜನ ನಂಬುತ್ತಾರೆ, ಅದಕ್ಕೇ ನಾನು ಬೇಕಾಗಿದ್ದೆ.

ಮಗುಚಿದೆ. ತಿರುಗಿಸಿದೆ. ಹತ್ತಲಾಗಲಿಲ್ಲ. ನಿಂತು ಗಾಳ ಎಸೆಯಲು ಅನುಕೂಲವಾಗಲೆಂದು ಅವನು ಅಂಚನ್ನು ಎತ್ತರಿಸಿದ್ದ. ನನ್ನ ಕೈ ಆಚೆ ಬದಿಗೆ ಎಟುಕುತ್ತಿರಲಿಲ್ಲ. ಎದೆ ಏರಿಸಿದರೆ ದೋಣಿ ನನ್ನ ಮೇಲೆಯೇ ಬೀಳುತ್ತಿತ್ತು. ಬಿತ್ತು, ಮತ್ತೆ ಬಿತ್ತು. ಬಂಡೆ ಹತ್ತಿರವಾಗುತ್ತಿತ್ತು, ನಾನು ಭಾರವಾಗುತ್ತಿದ್ದೆ. ಆಗುತ್ತಿಲ್ಲ, ಬಾ ಎಂದು ಕೂಗಿದೆ. ನಾಲ್ಕು ಮಾರು ದೂರದಲ್ಲಿದ್ದ ನಿಮ್ಮ ಮಗ ಹುಟ್ಟು ಹಾಕಲಿಲ್ಲ.

“ನಾ ಮುಟ್ಟಿದ್ರೆ ಪರೀಕ್ಷೆ ಕೆಡುತ್ತೆ! ಇನ್ನೊಂದ್ಸಲ ಹತ್ತು! ಮುಖ ಈ ಕಡೆ ಮಾಡು, ಬೆಳಕು ಚೆನ್ನಾಗಿದೆ!”

ಆಗ ಎದೆಗೆ ಕಟ್ಟಿದ್ದ ವೈರ್‌ಲೆಸ್ ಒತ್ತಿ ನಿಮ್ಮನ್ನು ಕರೆದೆ, ಅತ್ತೆ. ನನ್ನ ಮಾತು ಹೋಗಲಿಲ್ಲ. ನಿಮ್ಮ ವೈರ್‌ಲೆಸ್ಸು ನಿಮ್ಮ ತೊಡೆಗೂ ಫ್ಲಾಸ್ಕಿಗೂ ನಡುವೆ ಸಿಕ್ಕಿಕೊಂಡು ಅದರ ಗುಂಡಿ ಒತ್ತಿಕೊಂಡೇ ಇತ್ತು. ಆಮೇಲೆ ಗಾಡಿಯಿಂದ ಇಳಿಯುವಾಗ ಓಪಲ್ ಅದನ್ನು ನೋಡಿ, ಮೆಲ್ಲಗೆ ಬಿಡಿಸಿಟ್ಟು, ನಿಮಗೆ ಹೇಳದೆ ನನಗೆ ಹೇಳಿದಳು. ಗೆಳತಿಯರಿರುವುದೇ ಅದಕ್ಕೆ. ಒಬ್ಬರ ಗುಂಡಿ ಒತ್ತಿಕೊಂಡಿದ್ದರೆ ಆ ಚಾನೆಲ್ಲಿನಲ್ಲಿ ಉಳಿದವರ ಬಾಯಿ ಕಟ್ಟಿದ ಹಾಗೆ. ಮದುವೆಯಾದ ಹೊಸದರಲ್ಲಿ ಇದನ್ನು ನೀವೇ ನನಗೆ ಹೇಳಿಕೊಟ್ಟಿದ್ದಿರಿ. ಚಾನೆಲ್ ಬದಲಿಸುವ ಗುಬುಟು ಕಡಲೆಕಾಳಿನಷ್ಟು, ನನ್ನ ಬೆರಳುಗಳು ಆಗಲೇ ಕಟ್ಟಿಗೆ. ಹೀಗಾಗಿ ನಾನು ಹೇಳುವುದು ನಿಂತಿತು, ಕೇಳುವುದು ಶುರುವಾಯಿತು. ಮೊದಲು ಬಿಸ್ಕತ್ತು ಕಡಿಯುವ ಸದ್ದು. ಆಮೇಲೆ ನಿಮ್ಮ ದನಿ.

“ನೋಡೇ ಓಪಲ್, ಮಂಚ ಹತ್ತೋ ಮುದಿ ನಾಯಿ ಥರ ಒದ್ದಾಡ್ತಿದಾಳೆ.”

“ಅಯ್ಯೋ, ಅವ್ನು ಹೋಗಿ ಎತ್ಬಾರ್ದಾ? ನೀನಾದ್ರೂ ಹೇಳು ಹಿಲ್ಮಾ.”

“ಎತ್ತಿದ್ರೆ ದೋಣಿಗೆ ಬೆಲೆ ಎಲ್ಲಿ ಬಂತು? ಕುಡೀಲಿ ಒಂದಷ್ಟು ಉಪ್ಪುನೀರು. ಹೆತ್ತು ಗೊತ್ತಿಲ್ದಿರೋ ಮೈ, ನೋವು ಅಂದ್ರೇನು ಅಂತ ಸ್ವಲ್ಪ ತಿಳೀಲಿ.”

“ಥೂ, ಕೆಟ್ಟ ಬಾಯಿ ನಿಂದು.”

“ಮಾರ್ಚ್‌ನಲ್ಲಿ ಕಾರ್ಲಿಗೆ ಹೆರಿಗೆ. ಈ ವಿಡಿಯೋ ಒಂದು ಮುಗೀಲಿ, ಆಮೇಲೆ ಇವಳಿಗೆ ಹೇಳ್ತೀನಿ ಅಂದಿದಾನೆ ರಾಯ್ಸ್. ಮೊದ್ಲೇ ಹೇಳಿದ್ರೆ ಇವ್ಳು ನೀರಿಗಿಳೀತಿದ್ಲಾ?”

ಕಾರ್ಲಿ ಯಾರೆಂದು ಓಪಲ್ ಕೇಳಲಿಲ್ಲ. ನಾನೂ ಕೇಳಬೇಕಾಗಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಕಯಾಕ್ ಹತ್ತುವುದನ್ನು ಕಲಿಯಲು ಬಂದಿದ್ದ ಹುಡುಗಿ. ಸೊಂಟ ಹಿಡಿದು ಎತ್ತಿ ಕಲಿಸಿದವಳು ನಾನೇ.

ಅದೇ ಮಾತು ರಾಯ್ಸ್‌ನ ವೈರ್‌ಲೆಸ್ಸಿನಲ್ಲೂ ಬರುತ್ತಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕ್ಯಾಮೆರಾ ಇಳಿಸಲಿಲ್ಲ, ಅತ್ತೆ. ಇಳಿಸಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತೇನೋ.

ಮೀನು ಪೋಣಿಸುವ ಹಗ್ಗವನ್ನು ಹಲ್ಲಿನಲ್ಲಿ ಎಳೆದು ಈಚೆ ಬದಿಯ ಹಿಡಿಗೆ ಸುತ್ತಿ, ಕುಣಿಕೆಯಲ್ಲಿ ಕಾಲಿಟ್ಟು, ಹೇಗೋ ಮೇಲೆ ಬಿದ್ದೆ. ಧೈರ್ಯ ಅಲ್ಲ. ನಿಮ್ಮ ದನಿ ಕೇಳುತ್ತಾ ಸಾಯುವುದು ಬೇಡ ಅನ್ನಿಸಿತು, ಅಷ್ಟೇ. ಈಗ ಹೊಸ ಕಯಾಕ್‌ಗಳಲ್ಲಿ ಅದೇ ಜಾಗಕ್ಕೆ ಕಾಲಿಡುವ ಪಟ್ಟಿ ಹಾಕಿದ್ದಾನಂತೆ. ತನ್ನದೇ ಯೋಚನೆ ಎಂದು ಹೇಳಿಕೊಳ್ಳುತ್ತಾನಂತೆ.

ಆ ಚಾನೆಲ್ ಬರೀ ನಮ್ಮದಲ್ಲ, ನೋಡಿ. ಹತ್ತಿರದಲ್ಲಿದ್ದ ಮೀನು ದೋಣಿಯೊಂದು ನಿಮ್ಮ ಹರಟೆ ಕೇಳಿ ನಮ್ಮತ್ತ ತಿರುಗಿತ್ತು. ಅದು ಬರುವ ಹೊತ್ತಿಗೆ ನಾನು ಮೇಲಿದ್ದೆ. ದೋಣಿಯ ಮುದುಕ ನನ್ನ ಮುಂದೆ ಟೋಪಿ ತೆಗೆದ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ. ಅವತ್ತು ಕಡಲಿಗಿಳಿದವರೆಲ್ಲ ಕೇಳಿದ್ದಾರೆ. ನೀವು ಅಂಗಡಿಯೊಳಕ್ಕೆ ಕಾಲಿಟ್ಟರೆ ಮಾತು ನಿಲ್ಲುವುದು ನಿಮ್ಮ ವಯಸ್ಸಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೀರಾ?

ವಿಡಿಯೋ ನೋಡಿ ಕಣ್ಣು ತುಂಬಿ ಬಂತು ಎಂದು ಬರೆದಿದ್ದೀರಿ. ರಾಯ್ಸ್ ಅದರ ಸದ್ದು ಕಿತ್ತು ಗಿಟಾರ್ ತುಂಬಿದ್ದಾನೆ. ಕೆಳಗೆ ನನ್ನ ಪಾಡು, ಮೇಲೆ ಅವನ ಹಾಡು.

ಆದರೂ ಸಹಿ ಹಾಕುತ್ತೇನೆ. ದೋಣಿ ಗಟ್ಟಿ, ಗಂಡ ಖೊಟ್ಟಿ. ಗಂಡನ ಸಿಟ್ಟನ್ನು ದೋಣಿಯ ಮೇಲೆ ತೀರಿಸುವವಳಲ್ಲ ನಾನು. ಒಂದೇ ಷರತ್ತು: ವಿಡಿಯೋ ತನ್ನ ಸ್ವಂತ ಸದ್ದಿನೊಡನೆಯೇ ಹೋಗಬೇಕು. ಕ್ಯಾಮೆರಾ ಎಲ್ಲವನ್ನೂ ಹಿಡಿದಿದೆ, ನನ್ನ ಕೂಗು, ಅವನ ಅಪ್ಪಣೆ, ಅವನ ವೈರ್‌ಲೆಸ್ಸಿನಿಂದ ಬಂದ ನಿಮ್ಮ ಮಾತು. ಕಂಪನಿಯವನನ್ನು ಕೇಳಿದೆ. “ಗಿಟಾರ್ ಯಾರಿಗೆ ಬೇಕು ಮೇಡಂ? ಇದನ್ನ ಜನ ಊಟ ಬಿಟ್ಟು ನೋಡ್ತಾರೆ” ಎಂದ. ನನಗೆ ನಾಚಿಕೆಯಾಗುವುದಿಲ್ಲವೇ ಎಂದರೆ, ಆ ಚಳಿನೀರಿನಲ್ಲಿ ಮೊದಲು ಮರಗಟ್ಟಿದ್ದೇ ಅದು.

ಮಗನ ದೋಣಿಯೋ, ನಿಮ್ಮ ಮಾನವೋ, ನಿಧಾನವಾಗಿ ಯೋಚಿಸಿ. ಬೇಡವೆನಿಸಿದರೆ ರಾಯ್ಸ್‌ಗೆ ಒಂದು ಮಾತು ಹೇಳಿ. ಹೆತ್ತವಳ ಮರ್ಯಾದೆಗಿಂತ ಅವನಿಗೆ ದೋಣಿ ಹೆಚ್ಚೇ?

ಇಂತಿ,
ನಿಮ್ಮ ಮನೆಯ ಋಣ ತೀರಿದವಳು,
ಮಾರ್ನಿ

ತಾ.ಕ.: ನಿಮಗಿಂತ ಮೊದಲು ಅವನನ್ನೇ ಕೇಳೋಣವೆಂದು ನಿನ್ನೆ ಇಲ್ಲಿಗೆ ಕರೆಸಿದ್ದೆ. ಕಾಫಿ ಆರುವ ಮುಂಚೆಯೇ ಈ ಷರತ್ತಿಗೆ ಒಪ್ಪಿ ಸಹಿ ಹಾಕಿ ಹೋದ. ಕಾರ್ಲಿಯ ಹೆಸರು ಬರುವ ಕಡೆ ಮಾತ್ರ ಸದ್ದು ಅಳಿಸಬಹುದಾ, ಪಾಪ ಬಸುರಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಬೇಡಿಕೊಂಡ. ಆಯಿತು ಎಂದೆ. ಬೇರೆ ಯಾರ ಹೆಸರನ್ನಾದರೂ ಅಳಿಸಬೇಕಾ ಎಂದು ನಾನೇ ಎರಡು ಸಲ ಕೇಳಿದೆ. ಬೇಡ ಎಂದ.