ಯಾರೂ ಮುಟ್ಟದ ಪ್ರತಿ

ತುರುವೇಕೆರೆ
9-2-2025

ಪ್ರೀತಿಯ ದಾನೇಶ್ವರಿಗೆ,

ನಾನು ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ತಿಂಗಳಾಯಿತು, ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಮಾಡಿಸುವ ಗಲಾಟೆಯಿತ್ತು ಎಂದು ನೆಪ ಹೇಳಬಹುದಿತ್ತು. ನಿಜ ಹೇಳಲೇ? ನಿನ್ನ ಕಾಗದವನ್ನು ದಿನಾ ಒಂದು ಸಲ ಓದಿ ಖುಷಿಪಡುತ್ತಿದ್ದೆ.

"ನನ್ನ ಪುಸ್ತಕಕ್ಕೆ ಬಹುಮಾನ ತಪ್ಪಿಸಿದ ಪುಣ್ಯಾತ್ಮ ಯಾರು ಕಣೇ? ತೀರ್ಪುಗಾರರಲ್ಲಿ ನೀನೂ ಇದ್ದೆಯಲ್ಲ" ಎಂದು ಕೇಳಿದ್ದೀಯ. ಕೂತುಕೊಂಡು ಓದು. ನಾನೇ.

ನಮ್ಮ ಮಕ್ಕಳ ಸಾಹಿತ್ಯ ಸಂಘದ ಪದ್ಧತಿ ನಿನಗೆ ಗೊತ್ತೇ ಇದೆ. ಸ್ಪರ್ಧೆಯ ಪುಸ್ತಕಗಳನ್ನು ಒಂದು ತಿಂಗಳು ಶಾಲೆಯ ಮಕ್ಕಳ ಕೈಗೆ ಬಿಡುತ್ತೇವೆ. ಯಾವುದು ಹೆಚ್ಚು ಕೊಳೆಯಾಗಿ ಬರುತ್ತದೋ ಅದಕ್ಕೆ ಹೆಚ್ಚು ಅಂಕ. ಈ ಸಲ ನಾನು ಪಾಠ ಹೇಳುವ ಶಾಲೆಗೇ ಬಂದಿದ್ದವು. ನಿನ್ನ ಪುಸ್ತಕದ ಗತಿ ನೋಡಬೇಕಿತ್ತು! ರಟ್ಟು ಕಿತ್ತುಹೋಗಿತ್ತು, ಪುಟಗಳಿಗೆಲ್ಲ ಚಿತ್ರಾನ್ನದ ಅರಿಶಿನ, ಆನೆಗೆ ಯಾರೋ ಮೀಸೆ ಬರೆದಿದ್ದರು. ಮೂರನೇ ಕ್ಲಾಸಿನ ಯೋಗಿತಾ ಸೆರಗು ಹಿಡಿದು, "ಇದನ್ನ ನಂಗೇ ಕೊಟ್‌ಬುಡಿ ಮಿಸ್" ಎಂದಳು. ಒಳ್ಳೆಯ ಪುಸ್ತಕ ಕಣೇ, ನಾನೇ ಎರಡು ಸಲ ಓದಿದ್ದೆ. ಅದಕ್ಕೇ ಹೊಟ್ಟೆ ಉರಿದದ್ದು.

ಅದನ್ನು ಅವಳಿಗೇ ಕೊಟ್ಟೆ. ನೀನು ಅಕ್ಕರೆಯಿಂದ ನನಗೆ ಕೊಟ್ಟಿದ್ದ ಹೊಸ ಪ್ರತಿಯನ್ನು ತಿಪಟೂರಿನ ತೀರ್ಪುಗಾರರ ಸಭೆಗೆ ಒಯ್ದು ಮೇಜಿನ ಮೇಲಿಟ್ಟೆ. ಅಧ್ಯಕ್ಷರು ಬಸವರಾಜಪ್ಪನವರು ಪುಟ ತಿರುವಿ, "ಪಾಪ, ಒಂದ್ ಮಗೂನೂ ಮುಟ್ಟಿಲ್ವಲ್ಲಮ್ಮ" ಎಂದರು. "ಏನ್ಮಾಡೋದು ಸಾರ್, ಮಕ್ಕಳಿಗೆ ಹಿಡಿಸಲಿಲ್ಲ" ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎರಡು ಲೋಟ ಬಾದಾಮಿ ಹಾಲು ಕುಡಿದೆ.

ಯಾಕೆ ಅಂತೀಯಾ? ಹೋದ ದಸರೆಯಲ್ಲಿ ಸಂಘದ ಬೀರು ಖಾಲಿ ಮಾಡುವಾಗ ಹದಿನೆಂಟು ವರ್ಷದ ಹಿಂದಿನ ಅಂಕಪಟ್ಟಿ ಸಿಕ್ಕಿತು. ಆ ವರ್ಷ ತೀರ್ಪು ಕೊಟ್ಟವರಲ್ಲಿ ನೀನಿದ್ದೆ. ನನ್ನ ಮೊದಲ ಪುಸ್ತಕಕ್ಕೆ ನಿನ್ನ ಕೈಬರಹದಲ್ಲೇ ಸೊನ್ನೆ. ಫಲಿತಾಂಶದ ದಿನ ನಮ್ಮ ಮನೆಗೇ ಬಂದು ನನ್ನ ಕಣ್ಣೊರೆಸಿದ್ದೆ. "ಬುಡು ಕಣೇ, ಆ ಗಂಡಸ್ರಿಗೆ ಏನ್ ಗೊತ್ತಾಗುತ್ತೆ" ಅಂದಿದ್ದೆ. ಬಹುಮಾನ ಬರುತ್ತದೆಂದು ನಾನು ಮಾಡಿಟ್ಟಿದ್ದ ಹೋಳಿಗೆ ತಿಂದು ಹೋಗಿದ್ದೆ. ಆಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ. ನಿನ್ನ ಪುಸ್ತಕ ಬಂದಾಗಲೆಲ್ಲ ಓದಿ ಹೊಗಳುತ್ತಾ ಕೂತೆ.

ಈಗ ನೀನು ಅಳು. ಕಣ್ಣೊರೆಸಲು ನಾನು ಬರುವುದಿಲ್ಲ. ಇದನ್ನು ಮರೆಯದಷ್ಟು ದೀರ್ಘಾಯುಸ್ಸು ದೇವರು ನಿನಗೆ ಕೊಡಲಿ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಮೇಲೆ ನನಗೇನೂ ಕೋಪವಿಲ್ಲ.

ಇಂತಿ,
ರಾಧಾಮಣಿ

ಮರೆತಿದ್ದೆ: ಬರೀ ಸೊನ್ನೆಯಾಗಿದ್ದರೆ ಎರಡು ದಿನ ಬೈದು ಸುಮ್ಮನಾಗುತ್ತಿದ್ದೆ. ಅದರ ಪಕ್ಕದಲ್ಲಿ ನೀನು ಷರಾ ಬರೆದಿದ್ದೀಯ: 'ಮಕ್ಕಳನ್ನು ಎತ್ತಿ ಆಡಿಸಿದವರ ಬರಹವಲ್ಲ.' ಮೂರು ಸಲವೂ ಬಸಿರು ನಿಲ್ಲದೆ ಹೋದಾಗ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದವಳು ನೀನೊಬ್ಬಳೇ. ಆ ಮೂವರಿಗೆ ಹೇಳಬೇಕೆಂದಿದ್ದ ಕತೆಗಳು ಅವು. ನಿನಗೆ ಅದೂ ಗೊತ್ತಿತ್ತು.