ಪೊರಕೆ ಅಡ್ಡ ಹಿಡಿದವಳಿಗೆ

ನಮ್ಮನೆ ಪೊಲೀಸಮ್ಮ,

ನೀನು ಮಲಗಿದ ಮೇಲೆ ಬಂದೆ. ಬೂಟು, ಕೆಲಸದ ಬಟ್ಟೆ ಹೊರಗೆ ನಲ್ಲಿಯ ಹತ್ತಿರ ಸೋಪುನೀರಲ್ಲಿ ನೆನೆಹಾಕಿದ್ದೇನೆ. ಮುಟ್ಟಬೇಡ, ನಾನೇ ಒಗೆಯುತ್ತೇನೆ.

ಇವತ್ತು ನಮ್ಮ ಕೋಳಿ ಫಾರಂಗೆ ಡಾಕ್ಟರು ಬಂದಿದ್ದರು. ಕೋಳಿಗಳು ಸತ್ತದ್ದು ಹಕ್ಕಿಜ್ವರದಿಂದಲೇ ಅಂತೆ. ನನ್ನ ಜೊತೆ ಮೊಟ್ಟೆ ಆರಿಸುವ ಅಕ್ಕನಿಗೂ ಜ್ವರ ಬಂದು ಆಸ್ಪತ್ರೆ ಸೇರಿದ್ದಾಳೆ. ನನಗೆ ಜ್ವರವಿಲ್ಲ, ಹೆದರಬೇಡ.

"ಮನೇಲಿ ಚಿಕ್ಕ ಮಕ್ಕಳಿದ್ದಾರೇನಮ್ಮಾ?" ಅಂತ ಡಾಕ್ಟರು ಕೇಳಿದರು.

"ಒಂದೂವರೆ ವರ್ಷದ ಮಗ ಇದ್ದಾನೆ ಸಾರ್. ಆದ್ರೆ ಸೋಮವಾರದಿಂದ ನನ್ನ ಮಗಳು ಸ್ನಾನ ಮಾಡದೆ ಅವನನ್ನ ಮುಟ್ಟೋಕೇ ಬಿಟ್ಟಿಲ್ಲ" ಅಂದೆ.

ನೀನು ಬಾಗಿಲಿಗೆ ಪೊರಕೆ ಅಡ್ಡ ಹಿಡಿದು, "ಅಷ್ಟು ಕೋಳಿ ಸುಮ್ಸುಮ್ನೆ ಸಾಯಲ್ಲಮ್ಮ, ಮೊದಲು ಸ್ನಾನ" ಅಂದದ್ದನ್ನೂ ಹೇಳಿದೆ. "ಹೆತ್ತ ತಾಯಿಗೇ ಬಾಗಿಲಲ್ಲಿ ಅಡ್ಡ ನಿಲ್ತೀಯೇನೇ" ಅಂತ ನಾನು ಬೀದಿಗೆಲ್ಲ ಕೇಳುವ ಹಾಗೆ ಬೈದದ್ದನ್ನೂ ಮುಚ್ಚಿಡಲಿಲ್ಲ.

"ಹನ್ನೆರಡು ವರ್ಷದ ಹುಡುಗಿಗೆ ಹೊಳೆದದ್ದು ನಿಮಗೆ ಹೊಳೀಲಿಲ್ವಲ್ರೀ" ಅಂತ ಅವರು ಮಾಲೀಕರನ್ನೇ ಕೇಳಿಬಿಟ್ಟರು. ನಾನು ಎದೆಯುಬ್ಬಿಸಿ ನಿಂತಿದ್ದೆ ಕಣೇ.

ನೀನು ಏಳುವ ಮುಂಚೆ ಗಂಟಲ ಪರೀಕ್ಷೆಗೆ ಹೋಗಿರುತ್ತೇನೆ. ವಾಪಸ್ ಬಂದಮೇಲೆ ಹತ್ತು ದಿನ ಹಿಂದಿನ ಕೋಣೆಯಲ್ಲೇ ಇರಬೇಕಂತೆ. ಊಟ ಬಾಗಿಲ ಹೊರಗಿಟ್ಟು ಹೋಗು. ನಿನ್ನ ಪಾಲಿನ ಮೊಸರನ್ನು ನನಗೆ ಹಾಕಬೇಡ, ಗೊತ್ತಾಗುತ್ತೆ.

ಪಾಪು ಅತ್ತರೆ ಅಜ್ಜಿ ಕೈಗೆ ಕೊಡು. ಅವನ ಅಳು ಕೇಳಿ ನಾನೇ ಬಾಗಿಲು ತೆಗೆದರೆ, ಪೊರಕೆ ಅಲ್ಲೇ ಮೂಲೆಯಲ್ಲಿ ಇಟ್ಟಿದ್ದೇನೆ. ಈ ಸಲ ಎದುರು ಮಾತಾಡಲ್ಲ.

ಅಮ್ಮ