ಕ್ರೀಮಿಗೆ ಹೆಪ್ಪು

ಜುಲೈ 12, ಶನಿವಾರ

ಬೆಳಗ್ಗೆಯೇ ಎನ್.ಆರ್.ಪುರದ ಬಸ್ಸು. ವಾರಕ್ಕೊಂದು ರಜೆ, ಅದೂ ಹೋಯಿತು. ಕಾಲೇಜಿನಲ್ಲಿ ಟ್ರೈನಿಂಗ್ ಅಂತೆ! ಕೊಪ್ಪದಲ್ಲಿ ಇಷ್ಟು ವರ್ಷ ಬನ್ ಮಾರಿದವಳಿಗೆ ಕೈ ತೊಳೆಯುವ ಪಾಠ. ನಮ್ಮ ಬೇಕರಿಯ ಗಂಗಾಧರಣ್ಣನಿಗೆ ಬೇಕಿರುವುದು ಗೋಡೆಗೆ ಹಾಕಲು ಒಂದು ಸರ್ಟಿಫಿಕೇಟ್. ಜೊತೆಗೆ ಕ್ರೀಮ್ ಮಾಡುವ ಧರ್ಮೇಶ. ಬೆಂಚಿನ ಮೇಲೇ ಗೊರಕೆ ಹೊಡೆದ.

ಪಾಠ ಮಾಡುವ ನಿಶ್ಚಿತಾ ಮೇಡಂ ಎಲ್ಲರ ಬೆರಳನ್ನೂ ಜೆಲ್ಲಿ ಥರದ್ದೇನೋ ಹಾಕಿದ ತಟ್ಟೆಗೆ ಒತ್ತಿಸಿದರು. ನಾವು ಒಯ್ದಿದ್ದ ಕ್ರೀಮನ್ನೂ ಇನ್ನೊಂದು ತಟ್ಟೆಗೆ ಸವರಿದರು. ಮುಂದಿನ ವಾರ ನೋಡಬೇಕಂತೆ. ಮಂಗನಾಟ.

ಜುಲೈ 19

ಛೀ. ಛೀ. ಛೀ.

ನನ್ನ ಬೆರಳು ಒತ್ತಿದ ಕಡೆ ಹಳದಿ ಚುಕ್ಕೆಗಳು, ಕೀವಿನ ಬಣ್ಣ. ಕ್ರೀಮಿನ ತಟ್ಟೆಯಂತೂ ಪೂರ್ತಿ ಲೋಳೆ. ಹಳೆ ಕ್ರೀಮ್ ಏನು ಮಾಡ್ತೀರಿ ಎಂದು ಮೇಡಂ ಕೇಳಿದರೆ ಧರ್ಮೇಶ ಎದೆ ಸೆಟೆಸಿ ಹೇಳಿದ: “ಒಂದು ಸೌಟು ಉಳ್ಸ್ತೀನಿ ಮೇಡಂ. ಮಾರನೇ ದಿನದ ಕ್ರೀಮಿಗೆ ಹೆಪ್ಪು. ಮೊಸರಿಗೆ ಹಾಕಲ್ವಾ, ಹಂಗೇ. ರುಚಿ ಬರ್ತದೆ.”

ಮೊಸರಿಗೆ ಸರಿ, ಇದಕ್ಕೆ ನೀವು ಹಾಕ್ತಿರೋದು ನಿನ್ನೆಯ ಕೊಳೆತವನ್ನ ಎಂದರು ಮೇಡಂ. ದಿನಾ ಹೆಪ್ಪು ಹಾಕುವುದನ್ನು ನೋಡಿದ್ದೆ. ಅದು ತಪ್ಪೆಂದು ಒಂದು ದಿನವೂ ಹೊಳೆದಿರಲಿಲ್ಲ.

ಜುಲೈ 22

ಹೆಪ್ಪಿನ ವಿಷಯ ಗಂಗಾಧರಣ್ಣನಿಗೆ ಹೇಳಿದೆ. “ಎಂತ ಮಾರಾಯ್ತಿ ನಿಂದು! ನಮ್ಮಪ್ಪನ ಕಾಲದಿಂದ ಜನ ತಿಂತಿದಾರೆ. ಯಾರು ಸತ್ರು?” ಆದರೂ ಸಂಜೆ ಗ್ಲೌಸ್ ತಂದುಕೊಟ್ಟ. ಪುಣ್ಯಾತ್ಮ ಎಂದುಕೊಂಡೆ.

ಜುಲೈ 24

ಪುಣ್ಯಾತ್ಮನಂತೆ!

ಹಿತ್ತಲ ಹಗ್ಗಕ್ಕೆ ಗ್ಲೌಸ್ ಒಣಹಾಕಿದ್ದಾರೆ. ನೆಲ ಒರೆಸುವ ಬಟ್ಟೆಯ ಪಕ್ಕ, ಕ್ಲಿಪ್ಪು ಸಮೇತ. ಹಾಕಿ ಬಿಸಾಡುವ ವಸ್ತು ಮಾರಾಯರೇ ಅದು... ಅದೇ ಕೈಯಲ್ಲಿ ಕ್ರೀಮ್, ಅದೇ ಕೈಯಲ್ಲಿ ನೋಟು, ಅದೇ ಕೈಯಲ್ಲಿ ಮೂಗು. “ನನ್ ಕೈಗೆ ಒಂಚೂರೂ ಕೊಳೆ ಆಗಲ್ಲ ಈಗ” ಎನ್ನುತ್ತಾನೆ ಧರ್ಮೇಶ. ಹೌದಪ್ಪ, ನಿನ್ನ ಕೈ ಒಂದು ಬಚಾವಾಯಿತು. ಥೂ.

ಆಗಸ್ಟ್ 5

ಸರ್ಟಿಫಿಕೇಟ್ ಬಂತು, ನನ್ನದೊಂದೇ. ಪರೀಕ್ಷೆ ದಿನ ಧರ್ಮೇಶನಿಗೆ ತಲೆನೋವು. ಗಂಗಾಧರಣ್ಣ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ. ಮಲ್ಲಿಗೆ ಹಾರ ಬೇರೆ. ನನ್ನ ಹೆಸರಿಗೆ ಹಾರ—ಸತ್ತವಳ ಹಾಗೆ ಕಾಣುತ್ತದೆ.

ಆಗಸ್ಟ್ 12

ನೀಲಾಂಬಿಕೆ ಟೀಚರ್ ಬಂದಿದ್ದರು. ಸ್ವಾತಂತ್ರ್ಯ ದಿನಕ್ಕೆ ಶಾಲೆಯ ಮಕ್ಕಳಿಗೆಲ್ಲ ಕ್ರೀಮ್ ಬನ್. ಗೋಡೆ ನೋಡಿ ನಕ್ಕರು. “ಅಮೂಲ್ಯಾ, ಟ್ರೈನಿಂಗ್ ಆದವಳು ನೀನಿದ್ದಿ ಅಂತಲೇ ಇಲ್ಲಿಗೆ ಬಂದೆ ಕಣೇ.”

ಹಿಂದೆ ಗಂಗಾಧರಣ್ಣ ನಿಂತಿದ್ದ. ಹೂಂ ಎಂದೆ. ನನ್ನ ಮೇಲೆ ನನಗೇ ಹೇಸಿಗೆ.

ಆಗಸ್ಟ್ 14, ಸಂಜೆ

ಮಧ್ಯಾಹ್ನವೆಲ್ಲ ಕರೆಂಟ್ ಇಲ್ಲ. ಫ್ರಿಜ್ಜು ಬೆಚ್ಚಗೆ. ನಿನ್ನೆಯ ಸೌಟು ಇಂದಿನ ಬಕೆಟ್ಟಿಗೆ ಬಿದ್ದಾಗಿತ್ತು. ಹುಳಿ ವಾಸನೆ. ಎತ್ತಿಕೊಂಡು ಹೋಗಿ ಚರಂಡಿಗೆ ಸುರಿದೆ.

ಗಂಗಾಧರಣ್ಣ ಕೂಗಾಡಿದ. “ನಾಳೆಯಿಂದ ಬರ್ಬೇಡ ನೀನು!” ಆಗಲಿ, ನನ್ನ ಸರ್ಟಿಫಿಕೇಟ್ ಕೊಡಿ ಎಂದೆ. “ಫೀಸು ಕಟ್ಟಿದ್ದು ನಾನು. ಅದು ಅಂಗಡೀದು.”

ಹೊಸ ಕ್ರೀಮನ್ನಾದರೂ ಸರಿಯಾಗಿ ಮಾಡು ಎಂದೆ ಧರ್ಮೇಶನಿಗೆ. ಅವನು ಅಳುಮೋರೆ ಮಾಡಿದ. “ಹೆಪ್ಪೇ ಚೆಲ್ಲಿದ್ಯಲ್ಲ, ಇನ್ನು ಹ್ಯಾಂಗೆ ಮಾಡೋದು?” ಮೆಟ್ಟಿಲಿಳಿದು ತಿರುಗಿ ನೋಡುತ್ತೇನೆ—ಬಕೆಟ್ಟಿನ ತಳ ಕೆರೆಯುತ್ತಿದ್ದ. ಗ್ಲೌಸ್ ಹಾಕಿಕೊಂಡು.

ಬೆಳಗ್ಗೆ ಬನ್ ಶಾಲೆಗೆ ಹೋಗುತ್ತದೆ. ನನ್ನ ಹೆಸರು ನೋಡಿ ತರಿಸಿದ ಬನ್ನು. ಕೆಲಸ ಹೇಗೂ ಹೋಗಿದೆ, ಇನ್ನು ಯಾರ ಹೆದರಿಕೆ? ನೀಲಾಂಬಿಕೆ ಟೀಚರ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ಮೊನ್ನೆ ಹೂಂ ಎಂದ ಬಾಯಲ್ಲೇ ಹೇಳಬೇಕು. ಕೊಡೆ ಎಲ್ಲಿ... ಇರಲಿ, ಹೀಗೇ—